ಹರಕೆ ಮುರಿದವಳ ಮಾತು

ಬಳ್ಳಾರಿಯಲ್ಲಿ ಕೌಲ್ ಬಜಾರ್ ಅಂತ ದೊಡ್ಡ ಬಡಾವಣೆ ಇದೆ. ಕೌಲು ಅಂದರೆ ಕರಾರು, ಕೊಟ್ಟ ಮಾತು. ದಿನಾ ಅಲ್ಲಿ ಓಡಾಡುವವರಿಗೆ ಆ ಅರ್ಥ ಬೇಕಿಲ್ಲ. ನಮಗೆ ಬೇಕು. ಈ ಸೀಮೆಯಲ್ಲಿ ಕೇರಿಯ ಜನಕ್ಕೆ ಮಾತು ಕೊಟ್ಟವರು ಬಹಳ. ಪಾದ್ರಿಗಳು ಕೊಟ್ಟರು, ಸರಕಾರ ಕೊಟ್ಟಿತು. ಉಳಿಸಿಕೊಳ್ಳೋ ಕೆಲಸ ಮಾತ್ರ ಯಾವಾಗಲೂ ಕೇರಿಯವರ ತಲೆಮೇಲೆ ಬಂತು.

ನಾನು ಮೇಷ್ಟ್ರು. ಮಕ್ಕಳಿಗೆ ಪುಣ್ಯಕೋಟಿ ಕಲಿಸುತ್ತೇನೆ, ಹರಿಶ್ಚಂದ್ರನ ಕತೆ ಹೇಳುತ್ತೇನೆ. ಹರಿಶ್ಚಂದ್ರ ಮಾತು ಉಳಿಸಿಕೊಳ್ಳೋಕೆ ಹೆಂಡತಿ ಮಗನನ್ನು ಮಾರಿದ ಅಂತ ಹೇಳುವಾಗ ಹೆಣ್ಣುಮಕ್ಕಳ ಮುಖ ನೋಡಬೇಕು ನೀವು. ಮಾತು ಗಂಡನದು, ತೆತ್ತವಳು ಹೆಂಡತಿ. ಕೊನೆಗೆ ಆ ಅರಸ ಆಳಾಗಿ ದುಡಿದದ್ದು ಸುಡುಗಾಡು ಕಾಯುವ ಹೊಲೆಯನ ಹತ್ತಿರ. ಆ ಹೊಲೆಯ ಯಾರಿಗೆ ಯಾವ ಮಾತು ಕೊಟ್ಟಿದ್ದ, ಉಳಿಸಿಕೊಂಡನೋ ಇಲ್ಲವೋ, ಯಾರೂ ಕೇಳಲಿಲ್ಲ.

ನನ್ನ ಸೋದರತ್ತೆಯ ಸಂಗತಿ ಹೇಳಬೇಕು. ಕುರುಗೋಡು ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ಅವಳ ಅಣ್ಣನಿಗೆ, ಅಂದರೆ ನಮ್ಮಪ್ಪನಿಗೆ, ಚಿಕ್ಕಂದಿನಲ್ಲಿ ಜಡ್ಡಾಗಿತ್ತು. ಹುಡುಗ ಉಳಿದರೆ ಹುಡುಗೀನ ದೇವಿಗೆ ಬಿಡ್ತೀನಿ ಅಂತ ನಮ್ಮಜ್ಜಿ ಹರಕೆ ಹೊತ್ತಳು. ಹುಡುಗ ಉಳಿದ. ಹುಡುಗಿಗೆ ಮುತ್ತು ಕಟ್ಟುವ ದಿನ ಗೊತ್ತಾಯ್ತು. ಆಗಲೇ ಅದು ಕಾನೂನಿನ ಪ್ರಕಾರ ಅಪರಾಧ. ಬಳ್ಳಾರಿ ಜಿಲ್ಲೆ 1953ರ ತನಕ ಮದರಾಸಿಗೆ ಸೇರಿತ್ತು. ಮದರಾಸು ಸರಕಾರ 1947ರಲ್ಲೇ ದೇವದಾಸಿ ಬಿಡುವುದನ್ನು ನಿಷೇಧಿಸಿತ್ತು. ಕರ್ನಾಟಕ ಮತ್ತೆ 1982ರಲ್ಲಿ ಇನ್ನೊಂದು ಕಾಯ್ದೆ ಮಾಡಿತು. ಮೊದಲನೆಯದು ಕೇರಿಗೆ ಬಂದಿದ್ದರೆ ಎರಡನೆಯದು ಯಾಕೆ ಬೇಕಿತ್ತು?

ಅತ್ತೆ ಕಾನೂನು ಓದಿದವಳಲ್ಲ. ಒಂದು ರಾತ್ರಿ ಎದ್ದು ಬಳ್ಳಾರಿಗೆ ನಡೆದುಬಿಟ್ಟಳು. ಅಲ್ಲಿ ನಮ್ಮದೇ ಜನ, ಕ್ರೈಸ್ತರಾದವರು, ಇಟ್ಟುಕೊಂಡರು. ನಾಲ್ಕೈದು ವರ್ಷ ಕಳೆದ ಮೇಲೆ ತಾನಾಗಿ ಕೇಳಿ ದೀಕ್ಷಾಸ್ನಾನ ತಗೊಂಡಳು. ನಮ್ಮಜ್ಜಿ ಸಾಯುವ ತನಕ "ಹರಕೆ ಮುರಿದಾಕಿ" ಅಂತಲೇ ಕರೆದಳು. ಅತ್ತೆಯ ಉತ್ತರ ಒಂದೇ: "ಮಾತು ಕೊಟ್ಟಾಕಿ ನಮ್ಮವ್ವ. ತೀರ್ಸಾಕಿ ನಾನ್ಯಾಕಾಗ್ಲಿ?"

ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೆಪ್ತಾಹ ಅನ್ನುವ ಸರದಾರ ಬರುತ್ತಾನೆ. ಯುದ್ಧ ಗೆದ್ದರೆ, ಮನೆ ಬಾಗಿಲಿಂದ ಎದುರಿಗೆ ಬಂದದ್ದನ್ನು ದೇವರಿಗೆ ಬಲಿ ಕೊಡ್ತೀನಿ ಅಂತ ಹರಕೆ ಹೊರುತ್ತಾನೆ. ಎದುರಿಗೆ ಬಂದವಳು ಒಬ್ಬಳೇ ಮಗಳು, ದಮ್ಮಡಿ ಬಾರಿಸುತ್ತ ಕುಣಿಯುತ್ತ. ಅವಳು ಕೇಳಿದ್ದು ಎರಡು ತಿಂಗಳು, ಗೆಳತಿಯರ ಜೊತೆ ಬೆಟ್ಟದಲ್ಲಿ ಅಳುವುದಕ್ಕೆ. ಅಪ್ಪ ಮಾತಿಗೆ ತಪ್ಪಲಿಲ್ಲ. ಕೊಟ್ಟ ಮಾತಿನ ಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ, ಈ ಹುಡುಗಿಯ ಹೆಸರೆತ್ತಿದ ಬೋಧಕರನ್ನು ಕಾಣೆ. ಹೆಸರೆತ್ತೋಕೆ ಅವಳಿಗೆ ಹೆಸರೇ ಇಲ್ಲ ಅನ್ನುವುದೂ ಖರೆ. ಮದುವೆಯಾಗಿ ಸಿರುಗುಪ್ಪ ಕಡೆ ಹೋದ ಮೇಲೆ ಅತ್ತೆ ಆ ಕತೆಯನ್ನು ನಾಟಿ ಮಾಡುವ ಹೆಂಗಸರಿಗೆ ಹೇಳುತ್ತಿದ್ದಳು. ಓದೋಕೆ ಬರುತ್ತಿರಲಿಲ್ಲ, ಬಾಯಿಪಾಠ.

ಆ ಕಡೆ ತುಂಗಭದ್ರೆಯ ನೀರು, ಭತ್ತದ ಗದ್ದೆ. ನಾಟಿ ಕಾಲದಲ್ಲಿ ಗೌಡರ ಕಡೆಯಿಂದ ಮುಂಗಡ ತಗೊಂಡ ಹೆಂಗಸರು ಹೆಚ್ಚು ಕೂಲಿ ಸಿಕ್ಕರೆ ಬೇರೆ ಗದ್ದೆಗೆ ಜಾರುವುದುಂಟು. ಹೊಟ್ಟೆಯ ಪಾಡು, ತಪ್ಪೆನ್ನಲಾರೆ. ಅತ್ತೆ ಜಾರುತ್ತಿರಲಿಲ್ಲ. ಆದರೆ ಭಾನುವಾರ ಮಧ್ಯಾಹ್ನದ ತನಕ ಗದ್ದೆಗೆ ಇಳಿಯೋದಿಲ್ಲ ಅಂತ ಮುಂಗಡ ತಗೊಳ್ಳುವಾಗಲೇ ಹೇಳಿಬಿಡುತ್ತಿದ್ದಳು. ಆ ಕೂಲಿ ಹೋಗುತ್ತಿತ್ತು. ಎರಡು ಮಾತನ್ನೂ ಉಳಿಸಿಕೊಂಡಳು, ಗೌಡನದನ್ನೂ ದೇವರದನ್ನೂ. ಗೌಡ ಮಾತ್ರ ತೂಕದ ಕಾಳಿನಲ್ಲಿ ಪ್ರತಿ ಸುಗ್ಗಿಗೂ ತಪ್ಪಿದ.

ಇನ್ನು ಸಭೆ ಕೊಟ್ಟ ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲು ಕನ್ನಡಕ್ಕೆ ಬಂದದ್ದು ಆತ ಮತ್ತು ವಿಲಿಯಂ ರೀವ್ ಈ ಊರಲ್ಲಿ ಕೂತು ಮಾಡಿದ ಕೆಲಸದಿಂದ. 1850ರಲ್ಲಿ ಮದರಾಸಿನ ಮಿಷನರಿಗಳ ಸಮ್ಮೇಳನ ಜಾತಿ ಬಿಡದವನಿಗೆ ಸಭೆಯಲ್ಲಿ ಜಾಗ ಇಲ್ಲ ಅಂದಿತು. ಬಿಟ್ಟಿದ್ದಕ್ಕೆ ಗುರುತು ಕೂಡಿ ಉಣ್ಣುವುದು. ಒಳ್ಳೇ ಮಾತು. ನಮ್ಮವರು ಅದನ್ನು ನಂಬಿ ಹೋದರು. ಇವತ್ತೂ ಕೂಡಿ ಉಣ್ಣುತ್ತಾರೆ, ಇಲ್ಲ ಅನ್ನೋದಿಲ್ಲ. ನೆಂಟಸ್ತನದ ಮಾತು ಬಂದಾಗ ಮಾತ್ರ, "ನೀವು ಯಾವ ಕಡೆಯಿಂದ ಬಂದ ಕ್ರೈಸ್ತರು?" ಈ ಕಡೆ ಅಂದರೆ ಯಾವ ಕಡೆ ಅಂತ ಕೇಳಿದವನಿಗೂ ಗೊತ್ತು, ಹೇಳುವವನಿಗೂ ಗೊತ್ತು.

ಸರಕಾರದ ಮಾತು ಇದಕ್ಕಿಂತ ವಿಚಿತ್ರ. ಸಂವಿಧಾನ ಜಾರಿಗೆ ಬಂದು ಏಳು ತಿಂಗಳೂ ಆಗಿರಲಿಲ್ಲ, 1950ರ ಆಗಸ್ಟ್ 10ರಂದು ಪರಿಶಿಷ್ಟ ಜಾತಿಗಳ ಆದೇಶ ಹೊರಟಿತು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ ಅದರ ಮೂರನೆಯ ಖಂಡ ಹೇಳುತ್ತದೆ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನಕ್ಕೆ 22 ಪ್ರತಿಜ್ಞೆಗಳನ್ನು ಹೇಳಿಕೊಟ್ಟರು. ಆ ಪ್ರತಿಜ್ಞೆಗೆ ನಿಷ್ಠರಾದ ಬೌದ್ಧರು 1990ರ ತನಕ, 34 ವರ್ಷ, ಕಾಯಬೇಕಾಯ್ತು. ಕ್ರೈಸ್ತ ದಲಿತರು ಇನ್ನೂ ಕಾಯುತ್ತಿದ್ದಾರೆ. ರಂಗನಾಥ ಮಿಶ್ರ ಆಯೋಗ 2007ರಲ್ಲಿ ಮೂರನೆಯ ಖಂಡ ತೆಗೆಯಿರಿ ಅಂದಿತು. ತೆಗೆಯಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು.

ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲೆಯುತ್ತಿದ್ದ ಸೂಸೈ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅದೇ ಕಸುಬಿನ ಹಿಂದೂ ದಲಿತರಿಗೆ ಸರಕಾರ ಗೂಡಂಗಡಿ ಕೊಟ್ಟಿತು, ಇವರು ಕ್ರೈಸ್ತ ಅಂತ ಕೊಡಲಿಲ್ಲ. 1985ರ ತೀರ್ಪು: ಮತಾಂತರದ ಮೇಲೂ ಜಾತಿ ಉಳಿದಿದೆ ಅಂತ ತೋರಿಸಿದರೆ ಸಾಲದು, ಕಷ್ಟವೂ ಅಷ್ಟೇ ತೀವ್ರವಾಗಿ ಉಳಿದಿದೆ ಅಂತ ರುಜು ಮಾಡಬೇಕು. ಚಪ್ಪಲಿ ಹೊಲೆಯೋ ಮನುಷ್ಯ ರುಜು ಎಲ್ಲಿಂದ ತರಬೇಕು? 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೇ ಪಟ್ಟಿಯನ್ನು ನಂಬಿದೆ. ಬೈಯುವವನು ಬಾಯಿ ತುಂಬ ಜಾತಿ ಹೆಸರೇ ಬೈಯುತ್ತಾನೆ. ಕೇಸು ಹಾಕೋಕೆ ಹೋದರೆ ನೀನು ಆ ಜಾತಿಯವನಲ್ಲ ಅನ್ನುತ್ತಾರೆ.

ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಕ್ರೈಸ್ತ ಅಂತಲೇ ಬಂತು. ಚಿಕ್ಕವನನ್ನು ಸೇರಿಸಿದವನು ಮಾವ. ಮೇಷ್ಟ್ರು ಕೇಳಿದ್ದಕ್ಕೆ ಕೇರಿಯ ಹೆಸರು ಹೇಳಿದ, ಅವರು ಹಿಂದೂ ಅಂತ ಸೇರಿಸಿ ಬರೆದುಕೊಂಡರು. ಚಿಕ್ಕವನಿಗೆ ನೌಕರಿ ಆಯ್ತು, ದೊಡ್ಡವನು ಹಮಾಲಿಗೆ ಹೋದ. ಅತ್ತೆ ಮಾವನನ್ನು ಸಾಕಿದವನು ಚಿಕ್ಕವನು. ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತಿದ್ದವನೂ ಅವನೇ, ಹಿಂದಿನ ಬಾಗಿಲಿಂದ ಬಂದು, ಕೊನೆಯ ಸಾಲಿನಲ್ಲಿ ಕೂತು. ಒಂದು ಸಲ ಸಭೆಯ ಕಮಿಟಿಗೆ ಅವನ ಹೆಸರು ಬಂದಾಗ ಹಿರಿಯರೊಬ್ಬರು ಎದ್ದು ನಿಂತು, ಕಾಗದದ ಮೇಲೆ ಕರ್ತನನ್ನು ಅಲ್ಲಗಳೆದವನು ಅಂದರು. ಅವರಿಗೆ ಊರಾಚೆ ಹೊಲವೂ ಇತ್ತು, ಬಾಡಿಗೆ ಬರುವ ಅಂಗಡಿಯೂ ಇತ್ತು. ನೌಕರಿಗೆ ಸರ್ಟಿಫಿಕೇಟು ಬೇಕಾಗಿರಲಿಲ್ಲ.

ಆಗ ಅತ್ತೆ ಎದ್ದು ಹೇಳಿದ್ದನ್ನು ಆ ಸಭೆಯವರು ಇವತ್ತಿಗೂ ನೆನೆಯುತ್ತಾರೆ. ಯೇಸು ಹೇಳಿದ ಇಬ್ಬರು ಮಕ್ಕಳ ಕತೆ. ತೋಟಕ್ಕೆ ಹೋಗು ಅಂದಾಗ ಒಬ್ಬ ಆಗಲಪ್ಪಾ ಅಂದ, ಹೋಗಲಿಲ್ಲ. ಇನ್ನೊಬ್ಬ ಒಲ್ಲೆ ಅಂದ, ಆಮೇಲೆ ಹೋಗಿ ದುಡಿದ. "ನನ್ ಮಗ ಕಾಗದದಾಗ ಒಲ್ಲೆ ಅಂದಾನ. ತೋಟದಾಗ ಯಾರದರ ನೋಡ್ರಿ ಸ್ವಾಮಿ" ಅಂದಳು. ಕಮಿಟಿಗೆ ಅವನನ್ನು ತಗೊಳ್ಳಲಿಲ್ಲ. ದೊಡ್ಡವನೂ ಆ ದಿನ ಅಲ್ಲೇ ಇದ್ದ. ತನ್ನ ಪಾಲಿಗೆ ಯಾವ ಕತೆ ಅಂತ ಅವನು ಕೇಳಲಿಲ್ಲ. ಹಮಾಲಿ ಮಾಡಿ ಸವೆದ ಅವನ ಹೆಗಲು ನೆನಪಾದಾಗಲೆಲ್ಲ, ಅತ್ತೆ ಅವನಿಗೂ ಒಂದು ಮಾತು ಹೇಳಬೇಕಿತ್ತು ಅನ್ನಿಸುತ್ತದೆ.

2024ರ ನವೆಂಬರ್ 26, ಸಂವಿಧಾನ ದಿನ. ಪುದುಚೇರಿಯ ಒಬ್ಬ ಹೆಣ್ಣುಮಗಳು ಗುಮಾಸ್ತೆ ಕೆಲಸಕ್ಕೆ ಪರಿಶಿಷ್ಟ ಜಾತಿ ಪತ್ರ ಕೇಳಿದ್ದಳು. ನೀನು ಚರ್ಚಿಗೆ ಹೋಗುತ್ತೀ, ನಂಬಿಕೆಯಿಲ್ಲದೆ ಬರೀ ಮೀಸಲಾತಿಗೆ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂತ ಸುಪ್ರೀಂ ಕೋರ್ಟು ಹೇಳಿತು. ಅಂದರೆ ಎರಡು ನಾಲಿಗೆ ಇರುವುದು ಆ ಹೆಣ್ಣುಮಗಳಿಗೆ. ಒಂದು ಕೈಯಲ್ಲಿ ಧರ್ಮ ಸ್ವಾತಂತ್ರ್ಯ ಕೊಟ್ಟು ಇನ್ನೊಂದು ಕೈಯಲ್ಲಿ ಅದರ ಬೆಲೆ ವಸೂಲು ಮಾಡುವ ಆದೇಶಕ್ಕೆ ಎಷ್ಟು ನಾಲಿಗೆ?

ಜೂನ್ ಬಂದರೆ ದಾಖಲಾತಿ ರಿಜಿಸ್ಟರು ನನ್ನ ಮುಂದೆ ಇರುತ್ತದೆ. ಹೋದ ಸಲ ಕೂಲಿಗೆ ಹೋಗುವ ಒಬ್ಬ ತಂದೆ ಮಗಳನ್ನು ಕರಕೊಂಡು ಬಂದ. ಹುಡುಗಿಯ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಧರ್ಮ, ಜಾತಿ ಅನ್ನುವ ಎರಡು ಕಾಲಮ್ಮಿನ ಅರ್ಥ, ಎರಡು ಕಡೆಯ ಲಾಭ ನಷ್ಟ ಎಲ್ಲ ಬಿಡಿಸಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಮೆಲ್ಲಗೆ, "ಸದ್ಯಕ್ಕ ಪೆನ್ಸಿಲ್‌ನಾಗ ಬರ್ಕಳ್ರಿ ಸಾರ್, ಆಕಿ ದೊಡ್ಡಾಕಿ ಆಗಿ ಆಕೀನ ಹೇಳ್ಲಿ" ಅಂದ. ಆ ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆಯುವಂತಿಲ್ಲ.