ಸಪ್ಪನ್ನ ಹುಗ್ಗಿ

ನಮ್ಮ ಆಯಿ ಎಡಿಯ ಅಡಿಗೆಯನ್ನು ಎಂದೂ ರುಚಿ ನೋಡಿದವಳಲ್ಲ. ಶುಕ್ರವಾರ ಬಂತೆಂದರೆ ಬೆಳಗಿನಿಂದ ನೀರಲ್ಲದೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸಂಜೆಗೆ ಗೋದಿ ಹುಗ್ಗಿ ಮಾಡಿ, ಬನಶಂಕರಿಯ ಫೋಟೋದ ಮುಂದೆ ಎಡಿ ಹಿಡಿದು, ಆರತಿ ಬೆಳಗಿದ ಮೇಲೇ ಊಟ. ಉಪ್ಪು, ಬೆಲ್ಲ, ಏಲಕ್ಕಿ ಎಲ್ಲವೂ ಕೈ ಅಂದಾಜು. ಒಲೆಯ ಮುಂದೆ ನಿಂತು ನಾವು ವಾಸನೆ ಎಳೆದುಕೊಂಡರೂ ಸಾಕು, ‘ಮೀಸಲ ಮುರೀತೈತಿ, ಹೊರಗ ನಡೀರಿ’ ಎಂದು ಅಟ್ಟುತ್ತಿದ್ದಳು. ಅಂದಾಜು ತಪ್ಪಿದ ದಿನ ಮೊಮ್ಮಕ್ಕಳೆಲ್ಲ ಒಬ್ಬರ ಮಾರಿ ಒಬ್ಬರು ನೋಡಿಕೊಂಡು ಸುಮ್ಮನೆ ನುಂಗುತ್ತಿದ್ದೆವು. ಹುಗ್ಗಿ ಹೇಗಾಗಿದೆ ಎಂದು ಆಕೆ ಕೇಳಿದ್ದೇ ಇಲ್ಲ. ದೇವಿಯೇ ಉಂಡಾದ ಮೇಲೆ ನಮ್ಮನ್ನು ಕೇಳುವುದೇನು?

ಇಂಥ ಹೆಣ್ಣುಮಗಳು ಬಾಳೇವು ಮಾಡಿದ್ದು ಎಲ್ಲಿ? ಸುರೇಬಾನದಲ್ಲಿ. ಊರ ಮಗ್ಗಲಿನ ಗುಡ್ಡದ ಸಂದಿನಲ್ಲಿ ಶಬರಿಕೊಳ್ಳ ಇದೆ. ಒರತಿಯ ನೀರು, ಹಳೇ ಗುಡಿ, ಒಳಗೆ ಶಬರಿ. ಬಾರಿಹಣ್ಣು ಕಚ್ಚಿ ನೋಡಿ, ಸಿಹಿಯಾದವನ್ನಷ್ಟೇ ರಾಮನಿಗೆ ಕೊಟ್ಟ ಮುದುಕಿ ನಮ್ಮೂರಾಕಿ ಅಂತ ಇಲ್ಲಿಯ ಸಣ್ಣ ಹುಡುಗರೂ ಹೇಳುತ್ತಾರೆ. ಸಂಕ್ರಾಂತಿ ಆಚೀಚೆ ಬಾರಿಗಿಡ ಬಡಿಯಲು ಹೋದಾಗ ನಾವು ಆಯಿಯನ್ನು ಕೆಣಕುತ್ತಿದ್ದೆವು: ‘ಶಬರಿ ಎಂಜಲ ಮಾಡಿ ಕೊಟ್ಟಾಳ, ರಾಮ ತಿಂದಾನ. ನೀ ಯಾಕ ರುಚಿ ನೋಡಂಗಿಲ್ಲ?’

‘ಆಕಿ ಶಬರಿ. ನಾ ಏನು ಶಬರಿ ಅದೇನಿ?’ ಎಂದು ರಾಟಿ ತಿರುವುತ್ತ ಕೂಡುತ್ತಿದ್ದಳು.

ಕಾಲೇಜಿಗೆ ಹೋದಮೇಲೆ ನನಗೆ ಸ್ವಲ್ಪ ಓದಿನ ಕೊಬ್ಬು ಬಂತು. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಶಬರಿ ಇರುವುದು ಪಂಪಾ ತೀರದ ಮತಂಗಾಶ್ರಮದಲ್ಲಿ. ಕಾಡಿನ ಹಣ್ಣುಹಂಪಲು ಕೂಡಿಸಿಟ್ಟಳು ಎಂದಿದೆಯೇ ಹೊರತು ಕಚ್ಚಿ ನೋಡಿದ ಮಾತೇ ಅಲ್ಲಿಲ್ಲ. ಆನೆಗೊಂದಿಯ ಪಂಪಾಸರೋವರದ ಕಡೆಯವರು ಶಬರಿ ತಮ್ಮಾಕಿ ಎನ್ನುತ್ತಾರೆ — ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಆಯಿ ಕಂಡಿಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. ‘ಮುದುಕಿ ಒಂದ ಕಡೆ ಕಾಲ ಮುರಕೊಂಡು ಕುಂತಿದ್ದಳೇನು? ಅಲ್ಲೂ ಇದ್ದಿದ್ದಾಳು, ಇಲ್ಲಿಗೂ ಬಂದಿದ್ದಾಳು.’ ಕಚ್ಚಿ ನೋಡಿದ ವಿಷಯಕ್ಕೆ ಮಾತ್ರ ಉತ್ತರ ಕೊಡಲಿಲ್ಲ.

ಆಕೆಯ ವಯಸ್ಸಿನ ಲೆಕ್ಕ ಯಾರಿಗೂ ಪಕ್ಕಾ ಗೊತ್ತಿರಲಿಲ್ಲ. ರಾಮದುರ್ಗದ ಗಲಾಟೆಯಾದಾಗ ಲಂಗ ಉಡುತ್ತಿದ್ದೆ ಎನ್ನುತ್ತಿದ್ದಳು. 1939ರ ಏಪ್ರಿಲ್ 7, ಸಂಸ್ಥಾನದ ವಿರುದ್ಧ ಪ್ರಜಾಸಂಘದವರ ಚಳವಳಿ. ಹಿಡಿದಿಟ್ಟ ಮುಖಂಡರನ್ನು ಬಿಡಿಸಲು ಜನ ಜೈಲಿಗೆ ನುಗ್ಗಿದರು, ಗೋಲಿಬಾರಾಯಿತು, ಪೊಲೀಸರೂ ಸತ್ತರು. ಆಮೇಲೆ ಗಲ್ಲು, ಜೈಲು. ಆಯಿಗೆ ನೆನಪಿದ್ದದ್ದು ಅದೇನೂ ಅಲ್ಲ. ಸೀರೆ ಗಂಟು ಹೊತ್ತು ಪೇಟೆಗೆ ಹೋದ ಅಪ್ಪ ಗಂಟು ಅಲ್ಲೇ ಒಗೆದು ಓಡಿ ಬಂದದ್ದು, ಮನೆಯ ಬಾಗಿಲು ಹಗಲು ಹೊತ್ತಿನಲ್ಲೇ ಹಾಕಿಕೊಂಡದ್ದು, ಒಳಗೆ ಅವ್ವ ದೇವರ ಮುಂದೆ ಕೂತು ಬಿಟ್ಟದ್ದು. ಆ ದಿನದಿಂದಲೇ ತನ್ನ ಶುಕ್ರವಾರ ಶುರುವಾಯಿತೆಂದು ಹೇಳುತ್ತಿದ್ದಳು. 1939ರ ಏಪ್ರಿಲ್ 7 ಶುಕ್ರವಾರವೇ ಹೌದು, ಪಂಚಾಂಗ ತೆಗೆದು ನೋಡಿದ್ದೇನೆ.

ಮದುವೆಯಾಗಿ ಬಂದದ್ದು ಮಗ್ಗದ ಮನೆಗೆ. ಮುತ್ಯಾ ಕುಣಿಯಲ್ಲಿ ಕಾಲಿಟ್ಟು ನೇಯುವುದು, ಆಯಿ ಮೇಲೆ ಕೂತು ಕಂಡಿಕೆ ಸುತ್ತುವುದು. ಅಮಾಸಿಗೆ ಮಗ್ಗಕ್ಕೆ ಬಿಡುವು, ಆಯಿಗೆ ಇಲ್ಲ. ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ನಡೆದು ಹೋಗಿ ತೇರು ನೋಡಿ ಬರುತ್ತಿದ್ದಳು. ಮಂಡಿ ಸೋತ ಮೇಲೆ ಅಷ್ಟನ್ನೂ ಅಡಿಗೆಮನೆಗೇ ತಂದಿಟ್ಟುಕೊಂಡಳು.

ಈಗ ಹೇಳಬೇಕಾದ್ದು 2019ರದ್ದು. ಆಗಸ್ಟ್ 5ಕ್ಕೆ ನಾಗರಪಂಚಮಿ. ತವರಿಗೆ ಬಂದವಳು ನಾನು ಮರುದಿನ ಹೊರಡಬೇಕು, ರಸ್ತೆಯೇ ಇಲ್ಲ. ಕಣಕುಂಬಿಯ ಕಡೆ ಆಕಾಶ ಹರಿದಿತ್ತು. ನವಿಲುತೀರ್ಥದ ಡ್ಯಾಮು 37 ಟಿಎಂಸಿ ಚಿಲ್ಲರೆ ಹಿಡಿಯುವಂಥದ್ದು. ಎಷ್ಟೋ ವರ್ಷ ಅದು ತುಂಬಲಿ ಎಂದು ಎಲ್ಲರೂ ಹರಕೆ ಹೊತ್ತಿದ್ದರು. ಅದು ತುಂಬಿದ್ದು ಕೆಲವೇ ದಿನದಲ್ಲಿ, ಬಿಟ್ಟ ನೀರು ನುಗ್ಗಿದ್ದು ಮುನವಳ್ಳಿ, ಸುನ್ನಾಳ, ರಾಮದುರ್ಗಕ್ಕೆ. ಬರಗಾಲದಲ್ಲಿ ಮಲಪ್ರಭೆಯ ಪಾತ್ರದಲ್ಲಿ ಕಬ್ಬು ಹಚ್ಚಿದವರಿಗೆ ಹೊಳೆ ತನ್ನ ಅಗಲ ತೋರಿಸಿತು. ನೇಕಾರರ ಪಾಡು ಬೇರೆ. ಕುಣಿಮಗ್ಗ ನೆಲದೊಳಗಿರುವುದು; ನೀರು ಮೊದಲು ಇಳಿಯುವುದೇ ಅಲ್ಲಿಗೆ.

9ನೇ ತಾರೀಖು, ಶ್ರಾವಣದ ಎರಡನೇ ಶುಕ್ರವಾರ. ಸಂಜೆ ಜಿಟಿಜಿಟಿ ಮಳೆಯಲ್ಲಿ ಟ್ರ್ಯಾಕ್ಟರೊಂದು ಬಾಗಿಲಿಗೆ ಬಂದು ನಿಂತಿತು. ಹೊಳೆದಂಡೆಯ ಊರಿನ ನಮ್ಮ ಬೀಗರು. ಒಂದು ರಾತ್ರಿ ಎಲ್ಲೋ ಸಾಲಿಯಲ್ಲಿ ಕಳೆದು ಬಂದಿದ್ದರು. ಹಾಸಿಗೆ ಸುರುಳಿ, ಒಂದು ಆಡು, ಒದ್ದೆ ಮಕ್ಕಳು. ಮನೆಯ ಯಜಮಾನ ಕಟ್ಟೆಯ ಮೇಲೆ ಕೂತವನು ‘ಹೊಸಾ ಹಾಸು ಹೂಡಿದ್ನಿರಿ’ ಎಂದು ಅದನ್ನೇ ಅನ್ನುತ್ತಿದ್ದ. ಅವ್ವ ಪಂಚಮಿಯ ಕಟಕರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತೆಗೆದಳು. ಉಂಡಿಗಳು ಮುಗಿದಿದ್ದವು.

ಆಯಿಯ ಹುಗ್ಗಿ ಆಗಷ್ಟೇ ಒಲೆಯಿಂದ ಇಳಿದಿತ್ತು. ಎಡಿಯ ಬಟ್ಟಲು ತುಂಬಿ ದೇವರ ಜಗಲಿಯ ಮೇಲಿಟ್ಟು, ಬತ್ತಿ ಹೊಸೆಯಲು ಕೂತಿದ್ದಳು. ಬಂದವರಲ್ಲಿ ಒಂದು ಹುಡುಗಿ, ಮುಂದಿನ ಹಲ್ಲು ಬಿದ್ದ ವಯಸ್ಸಿನದು, ಯಾರಿಗೂ ಕಾಣದಂತೆ ಒಳಗೆ ಬಂದು ಬಟ್ಟಲಿಗೆ ನಾಲ್ಕೂ ಬೆರಳು ಅದ್ದಿ ಬಾಯಿಗಿಟ್ಟುಕೊಂಡಿತು.

ಅವ್ವ ‘ಅಯ್ಯ ಶಿವನ!’ ಎಂದಳು. ಹುಡುಗಿಯ ತಾಯಿ ಓಡಿಬಂದು ಕೈ ಎತ್ತಿದಳು. ಆಯಿಯ ಮುಖ ನೋಡಲು ನನಗೇ ಅಂಜಿಕೆಯಾಯಿತು. ಆಯಿ ಸಿಟ್ಟಾಗಿದ್ದಳು, ಅದರಲ್ಲಿ ಅನುಮಾನ ಬೇಡ. ಕೈಯ ಬತ್ತಿ ತುಂಡಾಗಿತ್ತು. ‘ಹೊಡಿಬ್ಯಾಡ. ಹಸದೈತಿ ಕೂಸು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಹುಡುಗಿಯತ್ತ ತಿರುಗಿ, ‘ಹೆಂಗ ಆಗೇತಿ?’ ಎಂದು ಕೇಳಿದಳು.

ಹುಡುಗಿ ಬೆರಳು ನೆಕ್ಕುತ್ತ ವಿಚಾರ ಮಾಡಿ, ‘ಸಪ್ಪಗೈತಿ’ ಎಂದಿತು.

ಯಾರೂ ಉಸಿರು ಬಿಡಲಿಲ್ಲ. ಆಯಿ ಮಾತ್ರ ನಗತೊಡಗಿದಳು, ಹಲ್ಲಿಲ್ಲದ ಬಾಯಿ ತುಂಬ. ‘ಎವ್ವಾ ತಾಯೀ, ಇಷ್ಟ ವರ್ಷ ನಿನಗ ಸಪ್ಪನ್ನ ಹುಗ್ಗಿನ ಉಣಿಸೀನೇನ?’ ಎಂದು ಫೋಟೋಕ್ಕೆ ಕೈ ಮುಗಿದಳು. ಆಮೇಲೆ ನಮ್ಮ ಕಡೆ ನೋಡಿ, ‘ನೀವರೆ ಹೇಳಬಾರದಿತ್ತೇನ, ಖೋಡಿಗೋಳ?’ ಬಟ್ಟಲಿನದನ್ನು ಮತ್ತೆ ಪಾತೇಲಿಗೆ ಸುರಿದಳು, ಎಂಜಲು ಬೆರೆತದ್ದನ್ನು! ಬೆಲ್ಲ ಹಾಕಿ ಒಲೆಗಿಟ್ಟಳು, ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ ಇನ್ನೊಮ್ಮೆ ಕೇಳಿದಳು. ಅದು ‘ಹೂಂ’ ಎಂದ ಮೇಲೆ ಎಡಿ ಹಿಡಿದಳು. ಅವತ್ತು ಆರತಿಗೆ ಮುಂಚೆಯೇ ಮಕ್ಕಳೆಲ್ಲ ಉಂಡಿದ್ದರು. ‘ಶಬರಿ ಶ್ಯಾಣ್ಯಾಕಿ’ ಎಂದಷ್ಟೇ ಅಂದಳು ಮಲಗುವಾಗ.

ನೀರು ಇಳಿದ ಮೇಲೆ ಬೀಗರು ಹೋದರು. ಕುಣಿಯ ರಾಡಿ ತೆಗೆಯುವುದಕ್ಕೇ ಅವರಿಗೆ ಬಹಳ ದಿನ ಹಿಡಿಯಿತು. ಹೊಸ ಹಾಸು ಬೇಗ ಏರಲಿಲ್ಲ. ಆಯಿ ಆಮೇಲೂ ತಾನು ರುಚಿ ನೋಡಲಿಲ್ಲ. ಆದರೆ ಶುಕ್ರವಾರ ಸಂಜೆ ಓಣಿಯ ಯಾವುದಾದರೂ ಹಲ್ಲುಬಿದ್ದ ಕೂಸನ್ನು ಕರೆಯುತ್ತಿದ್ದಳು. ಹಾಲಹಲ್ಲಿನ ಬಾಯಿಗೆ ಎಂಜಲಿಲ್ಲ ಎಂದು ಹೊಸ ಶಾಸ್ತ್ರವನ್ನೇ ಮಾಡಿಕೊಂಡಿದ್ದಳು. ಹೋಗುವಾಗ ಬಹಳ ನರಳಲಿಲ್ಲ. ಒಂದು ಮುಂಜಾನೆ ಚಹಾ ಬೇಡ ಎಂದಳು, ಮಧ್ಯಾಹ್ನದಷ್ಟಿಗೆ ಇರಲಿಲ್ಲ.

ಮನೆಯಲ್ಲಿ ಆ ಸಂಜೆಯ ಮಾತು ಬಂದರೆ ಇನ್ನೂ ಜಗಳವಿದೆ. ದೊಡ್ಡವ್ವನ ಪ್ರಕಾರ ಮೀಸಲು ಮುರಿದದ್ದು ಮುರಿದದ್ದೇ. ಅವ್ವನ ವಾದ ಇನ್ನೊಂದು: ಹುಡುಗಿ ಅಂದದ್ದು ‘ಸಪ್ಪಗೈತಿ’ ಅಲ್ಲ, ‘ಬಿಸಿ ಐತಿ’, ಅತ್ತೆಗೆ ಕಿವಿ ಮಂದ ಇದ್ದವು. ನಾನು ಅಲ್ಲೇ ಇದ್ದೆ. ಬೆಲ್ಲದ ಪೆಂಟಿ ಕುಟ್ಟಿ ಕೊಟ್ಟವಳೇ ನಾನು.