ದ್ರೋಣನ ಊರಿನಲ್ಲಿ ಜಾರುವ ಬಂಡಿ

ಬೆಳ್ಳಿತೆರೆಯ ಮೇಲೆ ಕಾರು ಅಡ್ಡಡ್ಡ ಜಾರಿದರೆ ಮುಂದಿನ ಬೆಂಚಿನಿಂದ ಸಿಳ್ಳೆ ಗ್ಯಾರಂಟಿ. ಮೂತಿ ಒಂದು ಕಡೆ, ಓಟ ಇನ್ನೊಂದು ಕಡೆ, ಹಿಂದೆ ಆಳೆತ್ತರದ ಧೂಳು! ಈ ಆಟದ ಹೆಸರು ಡ್ರಿಫ್ಟ್. 2006ರಲ್ಲಿ ಬಂದ ಹಾಲಿವುಡ್ಡಿನ ‘ಟೋಕಿಯೋ ಡ್ರಿಫ್ಟ್’ ನೋಡಿದ ಮೇಲಂತೂ ನಮ್ಮ ಹುಡುಗರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಚಿತ್ರರಸಿಕರೇ, ಅದರೊಳಗಿನ ಒಂದು ಗುಟ್ಟು ಕೇಳಿ. ನಾಯಕ ಜಾರುವುದನ್ನು ಕಲಿಯುವ ಆ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಹುಟ್ಟಿನಿಂದ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಕಾರು. ಶೂಟಿಂಗಿಗೆಂದು ಮುಂದಿನ ಎರಡು ಗಾಲಿಗಳಿಗೆ ಹೋಗುವ ಶಕ್ತಿಯನ್ನು ತಪ್ಪಿಸಿ, ಹಿಂದಿನವು ಮಾತ್ರ ತಿರುಗುವ ಹಾಗೆ ಮಾಡಿಸಿದರು. ಹೀರೋಗೆ ಡ್ಯೂಪ್ ಇರುವುದು ಗೊತ್ತು, ಕಾರಿಗೂ ಡ್ಯೂಪ್!

ಹಾಗಾದರೆ ಏನನ್ನೂ ಬಿಚ್ಚದೆ, ಬದಲಿಸದೆ, ದಿನಾ ಸಂತೆಗೂ ಆಸ್ಪತ್ರೆಗೂ ಹೋಗಿಬರುವ ನಾಲ್ಕು ಗಾಲಿ ಶಕ್ತಿಯ ಕಾರು ಜಾರುವುದೇ ಇಲ್ಲವೇ? ನನ್ನ ಸೋದರಳಿಯ ಫೋನಿನಲ್ಲಿ ನಕ್ಕ. ‘ಮಾಮಾ, ರೋಣಕ್ಕ ಬರ್ರಿ. ಇಲ್ಲಿ ಜಾರದ ಗಾಡಿ ಯಾವುದೈತಿ ಹೇಳ್ರಿ ನೋಡೂಣು’ ಎಂದ. ಅವನ ಬಳಿ ಇರುವುದು ಡಸ್ಟರ್, 2014ರಲ್ಲಿ ಬಂದ ನಾಲ್ಕು ಗಾಲಿ ಮಾದರಿ. ಅದರಲ್ಲೇ ಅವನ ತಾಯಿಯನ್ನು, ಅಂದರೆ ನನ್ನ ಅಕ್ಕನನ್ನು, ಗದಗದ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಅದರ ಡಿಕ್ಕಿಯಲ್ಲೇ ಕಡಲೆ ಬೀಜದ ಚೀಲ ತರುತ್ತಾನೆ. ಮೇ ತಿಂಗಳ ಕೊನೆಯಲ್ಲಿ, ರೋಹಿಣಿ ಮಳೆ ಇನ್ನೇನು ಬೀಳಬೇಕು ಎನ್ನುವಾಗ, ನಾನು ರೋಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ.

ಎರಿ, ಮಸಾರಿ

ರೋಣ ನೋಡಲು ಟೂರಿಸ್ಟರು ಬರುವುದಿಲ್ಲ. ಬಾದಾಮಿ, ಐಹೊಳೆಗೆ ಹೋಗುವವರು ಬಸ್ಸಿನ ಕಿಟಕಿಯಿಂದಲೇ ಊರು ದಾಟುತ್ತಾರೆ. ಆದರೂ ಈ ಸೀಮೆ ಬಡದಲ್ಲ. ಇತ್ತ ಇಟಗಿಯ ಭೀಮಾಂಬಿಕೆ, ಅಲ್ಲೇ ಸಮೀಪ ಸೂಡಿಯಲ್ಲಿ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿ, ನಾಗಕುಂಡ. ಅತ್ತ ಗಜೇಂದ್ರಗಡದ ಗುಡ್ಡದಲ್ಲಿ ಕಾಲಕಾಲೇಶ್ವರ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ಕೈ ಬೀಸುತ್ತವೆ.

ಸಿನಿಮಾ ಪತ್ರಿಕೆಯವನಿಗೆ ರೋಣ ಎಂದರೆ ಇನ್ನೊಂದು ನೆನಪು. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಇಲ್ಲಿ. ರಾಜಕುಮಾರ್ ಅವರ ‘ಸಂಧ್ಯಾರಾಗ’ಕ್ಕೆ (1966) ಹಾಡಿದ ಕಂಠ, 2008ರಲ್ಲಿ ಭಾರತರತ್ನಕ್ಕೆ ಆಯ್ಕೆಯಾದ ಕಂಠ. ಅವರಿಗೆ ಕಾರಿನ ಹುಚ್ಚು ಎಷ್ಟಿತ್ತೆಂಬುದು ಸಂಗೀತದವರಿಗೆಲ್ಲ ಗೊತ್ತು. ಕಛೇರಿಗಳಿಗೆ ನೂರಾರು ಮೈಲಿ ತಾವೇ ಸ್ಟೇರಿಂಗ್ ಹಿಡಿದು ಹೋಗುತ್ತಿದ್ದರು. ಅವರ ತಾನ್ ಕೇಳಿದ್ದೀರಲ್ಲ? ಎಲ್ಲೋ ಹಾರಿಹೋಯಿತು, ಇನ್ನು ಸಿಕ್ಕುವುದಿಲ್ಲ ಎನ್ನುವಾಗ ಸಮ್‌ಗೆ ಕರಾರುವಾಕ್ಕಾಗಿ ಬಂದು ಬೀಳುತ್ತಿತ್ತು. ಡ್ರಿಫ್ಟ್ ಎಂಬುದೂ ಹೆಚ್ಚುಕಡಿಮೆ ಅದೇ ಎಂದು ನನಗೆ ಆಮೇಲೆ ತಿಳಿಯಿತು. ಜಾರುವುದು ದೊಡ್ಡದಲ್ಲ, ವಾಪಸು ಬಂದು ಬೀಳುವುದು ದೊಡ್ಡದು.

ಇಲ್ಲಿಯ ಜನ ನೆಲವನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಎರಿ, ಮಸಾರಿ. ಎರಿ ಎಂದರೆ ಕಪ್ಪು ಮಣ್ಣು. ಕಡಲೆ, ಬಿಳಿಜೋಳ ಕಿತ್ತ ಮೇಲೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಮಳೆ ಬಿತ್ತೋ, ನೀರು ಕುಡಿದು ಉಬ್ಬಿ ಬೆಣ್ಣೆಯಾಗುತ್ತದೆ. ಟೈರಿನ ಗೀರುಗಳಲ್ಲೆಲ್ಲ ಅಂಟಿಕೊಂಡು ಹೊಸ ಟೈರನ್ನೂ ಬೋಳು ಮಾಡುತ್ತದೆ. ಮಸಾರಿ ಕೆಂಪು ನೆಲ. ಗರಸು ಬೆರೆತದ್ದು, ನೀರು ನಿಲ್ಲದ್ದು. ಒಣಗಿದ್ದಾಗ ಅದರ ಮೇಲೆ ಗಾಲಿ ಜಾರಿದರೂ ಹೇಳಿ ಕೇಳಿ ಜಾರುತ್ತದೆ. ಎರಿ ಹಾಗಲ್ಲ, ಹೇಳದೆ ಜಾರುತ್ತದೆ. ಕಲಿಯುವುದು ಮಸಾರಿಯಲ್ಲಿ, ಪರೀಕ್ಷೆ ಎರಿಯಲ್ಲಿ!

ಹೆಬ್ಬೆರಳು ಕೇಳದ ಗುರು

ದ್ರೋಣಪುರವೇ ರೋಣವಾಯಿತು ಎಂಬುದು ಊರವರ ನಂಬಿಕೆ. ದ್ರೋಣಾಚಾರ್ಯರ ಊರಿಗೆ ಬಂದ ಮೇಲೆ ಗುರು ಸಿಗದಿರುತ್ತಾನೆಯೇ? ಸಿಕ್ಕ. ಎಪ್ಪತ್ತು ದಾಟಿದ ಮುದುಕ. ಹಿಂದೆ ಹೊಳೆಆಲೂರು ಕಡೆಯ ಹಳ್ಳಿಗಳಿಗೆ ಜೀಪು ಹೊಡೆಯುತ್ತಿದ್ದವ. ಅಳಿಯನಿಗೆ ಅವನು ‘ಕಾಕಾ’, ನನಗೂ ಕಾಕಾನೇ ಆದ. ಮೊದಲ ಪಾಠವೇ ಹೆಬ್ಬೆರಳಿನದು.

‘ಸರ, ಹೆಬ್ಬಟ್ಟು ಸ್ಟೇರಿಂಗಿನ ಒಳಗ ಸಿಗಿಸಬ್ಯಾಡ್ರಿ. ಹೊರಗ ಇರ್ಲಿ. ಗಾಲಿ ಕಲ್ಲಿಗೆ ಬಡದು ಸ್ಟೇರಿಂಗ್ ತಿರಗಿತಂದ್ರ ಹೆಬ್ಬಟ್ಟು ಮುರೀತೈತಿ.’

ಪವರ್ ಸ್ಟೇರಿಂಗ್ ಇಲ್ಲದ ಜೀಪಿನ ಕಾಲದ ಪಾಠ ಅದು. ಇಂದಿನ ಕಾರಿನಲ್ಲೂ ಕೆಟ್ಟದ್ದೇನಲ್ಲ. ಆ ದ್ರೋಣ ಹೆಬ್ಬೆರಳು ಕೇಳಿದ, ಈ ದ್ರೋಣ ಉಳಿಸಿದ.

ಅಳಿಯನ ಮಸಾರಿ ಹೊಲ ಗಜೇಂದ್ರಗಡದ ರಸ್ತೆಯಿಂದ ಒಳಗಿದೆ. ಬೆಳಿಗ್ಗೆ ಆರಕ್ಕೇ ಹೋದೆವು. ಕಾಕಾ ಕಾರು ಹತ್ತಲಿಲ್ಲ. ಮೊದಲು ಹೊಲವನ್ನೆಲ್ಲ ನಡೆದು ನೋಡಿದ. ಎಲ್ಲಿ ಬದು, ಎಲ್ಲಿ ಕಲ್ಲು, ಪಕ್ಕದ ಹೊಲದವರ ಕೃಷಿ ಹೊಂಡ ಎಷ್ಟು ದೂರ. ಜಾರುವ ಗಾಡಿ ಉರುಳುವುದು ವೇಗಕ್ಕಲ್ಲ, ಅಡ್ಡ ಜಾರುತ್ತ ಹೋಗಿ ಬದುವಿಗೋ ಉಳುಮೆಯ ಸಾಲಿಗೋ ಗಾಲಿ ತಗುಲಿದಾಗ. ಜೀಪಿನಂಥ ಎತ್ತರದ ಗಾಡಿಯಂತೂ ಬೇಗ ಮಗುಚುತ್ತದೆ. ಕೊನೆಗೆ ನಡುವಿನ ಬಯಲಿನಲ್ಲಿ ನಾಲ್ಕು ಹಳೆ ಟೈರು ಇಡಿಸಿದ. ಸೀಟ್ ಬೆಲ್ಟ್ ಬಿಗಿ, ಕಿಟಕಿ ಬಂದ್, ಒಳಗೆ ಒಂದು ನೀರಿನ ಬಾಟಲಿ ಕೂಡ ಸಡಿಲ ಇರಕೂಡದು. ನನಗೆ ಥೇಟ್ ಫೈಟ್ ಮಾಸ್ಟರ್ ಕಂಡ ಹಾಗಾಯಿತು.

ಅಳಿಯ ಗುಂಡಿ ತಿರುಗಿಸಿ ‘ಲಾಕ್’ಗೆ ಹಾಕಿದ. ಈ ಕಾರು ಮಾಮೂಲಿಯಾಗಿ ಮುಂದಿನ ಗಾಲಿಗಳಿಂದಲೇ ಓಡುತ್ತದೆ. ಅವು ಜಾರತೊಡಗಿದರೆ ಮಾತ್ರ ನಡುವಿನ ಒಂದು ಕ್ಲಚ್ಚು ಬಿಗಿದು ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಲಾಕ್ ಹಾಕಿದರೆ ಮೊದಲಿಂದಲೇ ಹಿಂದಕ್ಕೂ ಪಾಲು. ಕಾಕಾನ ಹಳೆ ಜೀಪಿನಲ್ಲಿ ಇಂಥ ಉಪಚಾರ ಇರಲಿಲ್ಲ. ಗೇರಿನ ಪಕ್ಕದ ಇನ್ನೊಂದು ಕೋಲು ಎಳೆದರೆ ಮುಂದಿನದು ಹಿಂದಿನದಕ್ಕೆ ಗಂಟು ಬಿದ್ದಂತೆ. ಮಣ್ಣಿನಲ್ಲಿ ಸರಿ. ಡಾಂಬರಿನಲ್ಲಿ ಹಾಗೇ ತಿರುವು ತೆಗೆದುಕೊಂಡರೆ ಮುಂದಿನ ಗಾಲಿ ಓಡುವ ದೂರ ಬೇರೆ, ಹಿಂದಿನದು ಬೇರೆ. ಒಳಗಿನ ಹಲ್ಲುಗಳು ಒದ್ದಾಡುತ್ತವೆ. ಅದಕ್ಕೇ ರಸ್ತೆ ಹತ್ತಿದ ಕೂಡಲೇ ಕೋಲು ತಳ್ಳಿಬಿಡುತ್ತಿದ್ದನಂತೆ.

ಎರಡನೇ ಗೇರು, ಗಂಟೆಗೆ ಮೂವತ್ತು ಮೂವತ್ತೈದು ಕಿಲೋಮೀಟರು. ಅಳಿಯ ಟೈರಿನ ಬಳಿ ಸ್ಟೇರಿಂಗ್ ತಿರುಗಿಸಿದ. ಕಾರು ತಿರುಗಬೇಕಲ್ಲ? ಇಲ್ಲ! ನೆಟ್ಟಗೆ ಉದ್ದಕ್ಕೆ ಹೋಯಿತು. ಮುಂದಿನ ಗಾಲಿಗಳು ವಾರೆಯಾಗಿ ಗರಸು ತಳ್ಳುತ್ತಿವೆ, ಗಾಡಿ ಮಾತ್ರ ಮೊಂಡು ಹೋರಿ. ನಾಲ್ಕು ಗಾಲಿ ಗಾಡಿಯ ಮೊದಲ ಗುಣವೇ ಇದು. ಮೂತಿ ಭಾರ, ಬಾಲ ಭದ್ರ. ಹಿಂದಿನ ಗಾಲಿಯಷ್ಟೇ ಓಡುವ ಕಾರಿನಲ್ಲಿ ಕಾಲು ಒತ್ತಿದರೆ ಬಾಲ ಹೊರಳುತ್ತದೆ, ಇಲ್ಲಿ ಕಾಲು ಒತ್ತಿದಷ್ಟೂ ನೆಟ್ಟಗೆ ನುಗ್ಗುತ್ತದೆ.

ಕಾಕಾ ದೂರದಿಂದ ಕೂಗಿದ. ‘ತಮ್ಮಾ, ಕಾಲು ತಗೀ! ತಗದ ಮ್ಯಾಲ ತಿರಗಸು!’

ಆಕ್ಸಿಲರೇಟರ್ ಬಿಟ್ಟ ಕ್ಷಣಕ್ಕೆ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಗಾಲಿಗೆ ಹಿಡಿತ ಬರುತ್ತದೆ, ಹಿಂದಿನವು ಹಗುರಾಗುತ್ತವೆ. ಆಗ ತಿರುಗಿಸಿದರೆ ಬಾಲ ಹೊರಗೆ ಬೀಸುತ್ತದೆ. ಅದಕ್ಕೂ ಮೊದಲು ಒಂದು ಸಣ್ಣ ಸುಳ್ಳು ಹೇಳುವುದುಂಟು. ಬಲಕ್ಕೆ ಹೋಗಬೇಕಾದರೆ ಮೊದಲು ಚೂರು ಎಡಕ್ಕೆ ತಿರುಗಿಸಿ, ಕಾರು ಅದನ್ನು ನಂಬಿ ವಾಲಿದ ಕೂಡಲೇ ಬಲಕ್ಕೆ! ಹಿಮದ ದೇಶದ ರ‍್ಯಾಲಿಗಳವರು ಇದಕ್ಕೆ ಸ್ಕ್ಯಾಂಡಿನೇವಿಯನ್ ಫ್ಲಿಕ್ ಎನ್ನುತ್ತಾರೆ. ಕಬಡ್ಡಿ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಬಾಲ ಬೀಸಿದ ಮೇಲೆ ನಾಲ್ಕು ಗಾಲಿಯ ನಿಜವಾದ ಸೊಗಸು. ಸ್ಟೇರಿಂಗನ್ನು ಹೆಚ್ಚು ಉಲ್ಟಾ ತಿರುಗಿಸುವ ಗೋಜಿಲ್ಲ. ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ಹೋಗಬೇಕಾದ ಕಡೆ ನೋಡಿ, ಹದವಾಗಿ ಗ್ಯಾಸು ಕೊಟ್ಟರೆ ನಾಲ್ಕೂ ಗಾಲಿಗಳು ನೆಲ ಕೆರೆಯುತ್ತವೆ. ಮುಂದಿನ ಜೋಡಿ ತಾನು ಮುಖ ಮಾಡಿದ ಕಡೆಗೆ ಇಡೀ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ. 1981ರಲ್ಲಿ ಮಿಶೆಲ್ ಮೂಟನ್ ಎಂಬ ಹೆಣ್ಣುಮಗಳು ನಾಲ್ಕು ಗಾಲಿಯ ಆಡಿ ಕ್ವಾಟ್ರೋದಲ್ಲಿ ಇಟಲಿಯ ಸಾನ್ ರೆಮೋ ರ‍್ಯಾಲಿ ಗೆದ್ದಳು. ವಿಶ್ವ ರ‍್ಯಾಲಿಯೊಂದನ್ನು ಗೆದ್ದ ಮೊದಲ ಮಹಿಳೆ ಅವಳು. ಆ ಕಾರು ಬಂದ ಮೇಲೆ ರ‍್ಯಾಲಿಯ ವಿದ್ಯೆಯೇ ಬದಲಾಯಿತು.

ಅಳಿಯನ ಕೈ ಹ್ಯಾಂಡ್‌ಬ್ರೇಕಿನ ಕಡೆ ಹೋಗುತ್ತಿತ್ತು. ಸಿನಿಮಾ ಚಪಲ! ಲಾಕ್ ಹಾಕಿದಾಗ ಹಿಂದಿನ ಗಾಲಿ ಬಿಗಿದರೆ ಅದರ ಎಳೆತವೆಲ್ಲ ನಡುವಿನ ಕ್ಲಚ್ಚಿಗೆ. ಮನೆಗೆ ಇರುವುದು ಒಂದೇ ಕಾರು ಎಂದಾದರೆ ಆ ಸನ್ನೆ ಮರೆಯುವುದು ಒಳ್ಳೆಯದು.

ಮೂರನೆಯ ಬೆಳಿಗ್ಗೆ ನಾನೂ ಕೂತೆ. ಕಣ್ಣು ತನ್ನಷ್ಟಕ್ಕೆ ಎದುರಿನ ಬೇವಿನ ಮರ ನೋಡುತ್ತಿತ್ತು, ಕಾರೂ ಬೇವಿನ ಕಡೆಗೇ ಹೊರಡುತ್ತಿತ್ತು. ‘ಬಡೀಬಾರದ್ದನ್ನ ನೋಡಬ್ಯಾಡ್ರಿ ಸರ, ಹೋಗೋ ದಾರಿ ನೋಡ್ರಿ’ ಎಂದ ಕಾಕಾ. ದೃಷ್ಟಿ ಬದಲಿಸಿದರೆ ಕೈ ತಾನೇ ಬದಲಾಗುತ್ತದೆ. ಹತ್ತು ಸುತ್ತಿನಲ್ಲಿ ಒಂದು ಸುತ್ತು, ಟೈರನ್ನು ಪಕ್ಕದಲ್ಲಿಟ್ಟುಕೊಂಡು ಕಾರು ಅಡ್ಡಡ್ಡ ತೇಲಿತು. ಆ ಎರಡು ಸೆಕೆಂಡು... ಹೇಳಿದರೆ ಮುಗಿಯದು ಬಿಡಿ.

ಬಜಾರಿನಲ್ಲಿ ಅಲ್ಲ

ಸುದ್ದಿ ಹಬ್ಬಿತು. ಸಂಜೆ ಗಿರ್ಮಿಟ್, ಮಿರ್ಚಿಭಜಿ ತಿನ್ನುತ್ತ ನಿಂತಿದ್ದಾಗ ನಾಲ್ಕು ಹುಡುಗರು ಅಳಿಯನನ್ನು ಸುತ್ತಿಕೊಂಡರು. ‘ಅಣ್ಣಾ, ರಾತ್ರಿ ರೋಡಿನ ಮ್ಯಾಲ ಒಂದ ರೌಂಡ್ ಹೊಡಿ, ವಿಡಿಯೋ ಮಾಡ್ತೀವಿ.’ ಅಳಿಯನ ಮುಖ ಅರಳಿದ್ದನ್ನು ನಾನು ನೋಡಿದೆ. ಇಪ್ಪತ್ತಾರರ ಹುಡುಗ, ಹೀರೋ ಆಗುವ ಆಸೆ ಯಾರಿಗಿಲ್ಲ?

ನಾನು ಶಂಕರನಾಗ್ ಮಾತು ತೆಗೆದೆ. 1985ರಲ್ಲಿ ಅವರು ‘ಆಕ್ಸಿಡೆಂಟ್’ ಮಾಡಿದರು. ದೊಡ್ಡಮನುಷ್ಯನ ಮಗ ಮತ್ತಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದ ಬಡವರನ್ನು ತುಳಿದ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಐದು ವರ್ಷಕ್ಕೆ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆಯೇ ಅವರನ್ನು ನುಂಗಿತು. ಹುಡುಗರು ಸುಮ್ಮನಾದರು. ಶಂಕ್ರಣ್ಣನ ಹೆಸರಿಗೆ ಈಗಲೂ ಅಷ್ಟು ಬೆಲೆಯಿದೆ. ಸಾರ್ವಜನಿಕ ರಸ್ತೆಯಲ್ಲಿ ಒಪ್ಪಿಗೆಯಿಲ್ಲದೆ ಪಂದ್ಯ ಕಟ್ಟಿದರೆ 1988ರ ಮೋಟಾರು ವಾಹನ ಕಾಯಿದೆಯಲ್ಲಿ ಜೈಲಿಗೂ ದಾರಿಯಿದೆ ಎಂದೂ ಹೇಳಿದೆ. ಅದನ್ನು ಯಾರೂ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ!

ಕಾಕಾ ಹೇಳಿದ್ದು ಬೇರೆ. 2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿದಾಗ ಹೊಳೆಆಲೂರು, ಮೆಣಸಗಿ ಸೀಮೆ ನೀರಲ್ಲಿ ನಿಂತಿತ್ತು. ಬೆಣ್ಣೆಹಳ್ಳ ಬಂದು ಹೊಳೆ ಸೇರುವುದೂ ಅಲ್ಲೇ. ‘ನೀರು ಇಳದ ಮ್ಯಾಲ ರಾಡಿಯೊಳಗ ಗಾಡಿ ಹೊಡದು ಮಂದಿನ್ನ ಕರಕೊಂಡ ಬಂದವರು ಇದ್ದರಲ್ಲ, ಅವರ ವಿಡಿಯೋ ಯಾರ ಮಾಡ್ಯಾರ?’ ಅಂದ.

ನಾನು ಹೊರಡುವ ಹಿಂದಿನ ದಿನ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊಳೆಆಲೂರು ಕಡೆಯ ಬೀಗರ ಮನೆಗೆ ಹೋಗಿದ್ದೆವು. ಮರಳುವಾಗ ರೋಹಿಣಿ ಸುರಿಯಿತು. ಮುಖ್ಯರಸ್ತೆ ಮುಟ್ಟಲು ಎರಿಹೊಲಗಳ ನಡುವಿನ ಮಣ್ಣಿನ ದಾರಿ. ಎರಡೂ ಬದಿಗೆ ಆಳದ ತಗ್ಗು. ಮುಂದೆ ಸರಕು ತುಂಬಿದ ಒಂದು ಟಾಟಾ ಏಸ್ ನಡುದಾರಿಯಲ್ಲೇ ಹೂತು ನಿಂತಿದೆ. ನಾಲ್ಕು ಗಾಲಿಯ ಶಕ್ತಿ ಎಂಬುದು ಹೋಗುವುದಕ್ಕೆ, ನಿಲ್ಲುವುದಕ್ಕಲ್ಲ. ಬ್ರೇಕು ಒತ್ತಿದರೆ ಎಲ್ಲ ಕಾರೂ ಒಂದೇ. ಅಳಿಯ ಬ್ರೇಕು ಮುಟ್ಟಲಿಲ್ಲ. ಕಾಲು ತೆಗೆದ. ಬಾಲ ತಗ್ಗಿನ ಕಡೆ ವಾಲಿತು. ‘ಅಯ್ಯ ಶಿವನ’ ಎಂದಳು ಅಕ್ಕ. ಅವನ ಕಣ್ಣು ಏಸ್ ಮೇಲೂ ಇಲ್ಲ, ತಗ್ಗಿನ ಮೇಲೂ ಇಲ್ಲ, ಅವೆರಡರ ನಡುವೆ ಉಳಿದಿದ್ದ ಎಂಟಡಿ ಜಾಗದ ಮೇಲಿತ್ತು. ಸ್ಟೇರಿಂಗ್ ನೆಟ್ಟಗೆ ಮಾಡಿ ಹದವಾಗಿ ಗ್ಯಾಸು ಕೊಟ್ಟ. ಕಾರು ಒಮ್ಮೆ ಮೈ ಕೊಡವಿ ಆ ಸಂದಿಯಲ್ಲಿ ನುಸುಳಿ ಆಚೆ ನಿಂತಿತು.

ಏಸ್‌ನ ಹುಡುಗನನ್ನು ಹಗ್ಗ ಕಟ್ಟಿ ಎಳೆದೆವು. ಮನೆ ಮುಟ್ಟಿದಾಗ ಕತ್ತಲಾಗಿತ್ತು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರಿಮಣ್ಣು ರೊಟ್ಟಿ ಹಿಟ್ಟಿನಂತೆ ತುಂಬಿ ಗಟ್ಟಿಯಾಗಿತ್ತು. ಅಕ್ಕ ಏನೂ ಅನ್ನದೆ ಒಳಗೆ ಹೋಗಿ ಕುರ್ಪಿ ತಂದುಕೊಟ್ಟಳು. ಬ್ಯಾಟರಿ ಬೆಳಕಿನಲ್ಲಿ ನಾಲ್ಕೂ ಗಾಲಿ ಕೆರೆದು ಮುಗಿಸುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು.