ಅಪ್ಪನ ರಸಮಟ್ಟ

ಅಪ್ಪ ನಾಗಪುರಕ್ಕೆ ಬಂದಾಗ ಅವನ ಚೀಲದಲ್ಲಿ ಎರಡು ಧೋತರ, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಜೊತೆಗೆ ಒಂದು ರಸಮಟ್ಟ ಇತ್ತು. ರಾಣೇಬೆನ್ನೂರಿನಲ್ಲಿ ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಕೆಲಸ ಬಿಟ್ಟರೂ ರಸಮಟ್ಟ ಬಿಟ್ಟಿರಲಿಲ್ಲ. ಬಂದ ದಿನವೇ ಅದನ್ನು ನಮ್ಮ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲಿಟ್ಟು, ಬಗ್ಗಿ ಗುಳ್ಳೆ ನೋಡಿ, "ಎರಡು ನೂಲು ಇಳಿದೈತಿ" ಎಂದ. ಎರಡು ನೂಲೆಂದರೆ ಕಾಲಂಗುಲ. ಐದು ವರ್ಷ ಅದೇ ಕಟ್ಟೆಯ ಮೇಲೆ ಚಹಾ ಕಾಸಿದ ನನಗೆ ಅದು ಗೊತ್ತೇ ಆಗಿರಲಿಲ್ಲ. ಅವತ್ತಿನಿಂದ ಪಾತ್ರೆಯಲ್ಲಿ ಹಾಲು ಓರೆಯಾಗಿಯೇ ಕಾಣತೊಡಗಿತು.

ನನ್ನ ಕಸುಬು ಲೆಕ್ಕ ಬರೆಯುವುದು, ಹುಚ್ಚು ಕಂಡದ್ದನ್ನೆಲ್ಲ ಕೆದಕುವುದು. ವರ್ಗವಾಗಿ ಇಲ್ಲಿಗೆ ಬಂದ ಮೇಲೆ ಅದು ಜಾಸ್ತಿಯಾಯಿತು. ಅದಕ್ಕೆ ಕಾರಣ ಅಜಬ್ ಬಂಗಲೆ. 1863ರ ಈ ವಸ್ತುಸಂಗ್ರಹಾಲಯವನ್ನು ಊರವರು ಸೆಂಟ್ರಲ್ ಮ್ಯೂಸಿಯಂ ಎಂದು ಕರೆದದ್ದು ನಾನು ಕೇಳಿಲ್ಲ. ಒಂದು ಭಾನುವಾರ ಹುಲ್ಲು ತುಂಬಿದ ಹಕ್ಕಿಗಳ ಮುಂದೆ, ಇನ್ನೊಂದು ಭಾನುವಾರ ಶಾಸನಗಳ ಮುಂದೆ. ಅಲ್ಲಿ ಹತ್ತಿದ ಗೀಳು ನನ್ನನ್ನು ವರ್ಧಾ ಬಳಿಯ ದೇವಳಿಯ ತಾಮ್ರಪಟದವರೆಗೆ ಎಳೆದೊಯ್ದಿತು. 940ರ ಆ ದಾನಶಾಸನದಲ್ಲಿ 'ನಾಗಪುರ-ನಂದಿವರ್ಧನ' ಎಂದಿದೆ. ಈ ಊರ ಹೆಸರಿಗೆ ಅಷ್ಟು ಹಳೆಯ ಸಾಕ್ಷಿ. ದಾನ ಕೊಟ್ಟವನು ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅಂದರೆ ನಮ್ಮ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ ಕನ್ನರದೇವ! ಇದನ್ನು ಆಫೀಸಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನ್ನನ್ನು ಕಂಡರೆ ಅಲ್ಲಿಯವರೇ "ರಾಷ್ಟ್ರಕೂಟ ಬಂದ" ಎಂದು ದಾರಿ ಬಿಡುತ್ತಾರೆ.

ಅಪ್ಪನಿಗೆ ತಾಮ್ರಪಟ ಹಿಡಿಸಲಿಲ್ಲ. ಸರಿ, ಕಲ್ಲು ತೋರಿಸೋಣವೆಂದು ಝೀರೋ ಮೈಲಿಗೆ ಕರೆದೊಯ್ದೆ. ವಿಧಾನಭವನದ ಸಮೀಪ ಮರಳುಗಲ್ಲಿನ ಒಂದು ಕಂಬ, ಪಕ್ಕದಲ್ಲಿ ನೆಗೆಯುವ ನಾಲ್ಕು ಕುದುರೆ. ಕಂಬದ ಮೇಲೆ ಹೈದರಾಬಾದಿಗೆ 318 ಮೈಲಿ, ಜಬಲಪುರಕ್ಕೆ 170 ಎಂದೆಲ್ಲ ಕೆತ್ತಿದ್ದಾರೆ. ಇದೇ ಹಿಂದುಸ್ತಾನದ ನಟ್ಟನಡು ಎಂದು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಈಗಿನ ಭಾರತದ ನಡು ಕಟ್ನಿ ಜಿಲ್ಲೆಯ ಕರೌಂದಿ ಎನ್ನುವವರೂ ಇದ್ದಾರೆ. ನನಗೆ ಆ ಜಗಳ ಬೇಡ. ಈ ಜಾಗದ ನಿಜವಾದ ಸೊಗಸು ನಡುವಿನಲ್ಲಿಲ್ಲ, ಎತ್ತರದಲ್ಲಿದೆ. ಸರ್ವೆಯವರು 1907ರಲ್ಲಿ ಇಲ್ಲಿ ನೆಟ್ಟದ್ದು ಮಟ್ಟದ ಗುರುತು: ಸಮುದ್ರಮಟ್ಟದಿಂದ 1020.171 ಅಡಿ.

ಅಪ್ಪ ಅಂಕಿಯ ಮೇಲೆ ಬೆರಳಾಡಿಸಿದ. ಚುಕ್ಕಿಯ ಮುಂದಿನ ಮೂರನೆಯ ಅಂಕಿ ಎಷ್ಟಾಗುತ್ತದೆಂದು ಕೇಳಿದ. ಲೆಕ್ಕ ಹಾಕಿ, ಅಡಿಯ ಸಾವಿರದ ಒಂದು ಪಾಲು, ಒಂದು ನೂಲಿನ ಹತ್ತನೆಯ ಒಂದು ಭಾಗ ಎಂದೆ. ನಕ್ಕ. "ಇಷ್ಟು ಸಣ್ಣದು ಯಾವ ಮೇಸ್ತ್ರಿ ಹಿಡಿತಾನೋ ತಮ್ಮಾ!"

ಹೇಗೆ ಹಿಡಿದರೆಂದು ವಿವರಿಸಲು ಹೋದೆ. ಎರಡು ಅಳತೆಗೋಲು, ನಡುವೆ ದುರ್ಬೀನಿಗೆ ಕೂಡಿಸಿದ ರಸಮಟ್ಟ. ಹಿಂದಿನ ಕೋಲು ಓದು, ಮುಂದಿನ ಕೋಲು ಓದು, ಕಳೆ. ಹಿಂದಿನ ಕೋಲನ್ನು ಎತ್ತಿ ಮುಂದಕ್ಕಿಡು. ಕಡಲಿನಿಂದ ಇಲ್ಲಿವರೆಗೆ ಹೀಗೆಯೇ ನಡಿಗೆ. "ನಾವು ನೀರಿನ ಪೈಪಿನಾಗ ಒಂದು ಮೂಲಿಯಿಂದ ಇನ್ನೊಂದು ಮೂಲಿಗೆ ಮಟ್ಟ ಒಯ್ದಂಗ" ಎಂದು ಅಪ್ಪ ನನ್ನ ಪಾಠವನ್ನು ಅರ್ಧಕ್ಕೇ ಮುಗಿಸಿದ.

ಹುರುಪಿನಲ್ಲಿ, ದೇಶ ಅಳೆಯುವ ಈ ಸರ್ವೆಯನ್ನು ಶುರುಮಾಡಿದ ಲ್ಯಾಂಬ್ಟನ್ನನ ಕಥೆಯನ್ನೂ ಹೇಳಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಹೋದ ದಂಡಿನಲ್ಲಿದ್ದವನು. ಒಂದು ರಾತ್ರಿ ಪಡೆ ದಿಕ್ಕು ತಪ್ಪಿ ನಡೆದಾಗ ನಕ್ಷತ್ರ ನೋಡಿ ಹೇಳಿದವನು ಅವನೇ. 1802ರಲ್ಲಿ ಮದ್ರಾಸಿನಲ್ಲಿ ನೂರಡಿಯ ಉಕ್ಕಿನ ಸರಪಳಿಯನ್ನು 400 ಸಲ ಹಾಸಿ ಏಳೂವರೆ ಮೈಲಿ ಅಳೆದ. ಅದು ಚೀನಾದ ಚಕ್ರವರ್ತಿಗೆಂದು ಒಯ್ದು, ಅವನು ಬೇಡವೆಂದ ಸರಪಳಿ. ಅಲ್ಲಿಂದ ತ್ರಿಕೋನ ಪೋಣಿಸುತ್ತ ಬೆಂಗಳೂರಿಗೆ ಬಂದು 1804ರಲ್ಲಿ ಮತ್ತೆ ನೆಲ ಅಳೆಸಿದರೆ, ಲೆಕ್ಕಕ್ಕೂ ನೆಲಕ್ಕೂ ನಾಲ್ಕಂಗುಲದ ವ್ಯತ್ಯಾಸವೂ ಬರಲಿಲ್ಲ. 1808ರಲ್ಲಿ ತಂಜಾವೂರಿನ ಗುಡಿಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಕೋನ ಅಳೆಯುವ ಅರ್ಧ ಟನ್ನಿನ ಥಿಯೊಡೊಲೈಟ್ ಗೋಡೆಗೆ ಬಡಿದು ಸೊಟ್ಟಗಾಯಿತು. ಲ್ಯಾಂಬ್ಟನ್ ಬಾಗಿಲು ಹಾಕಿಕೊಂಡು ಆರು ವಾರ ಕೂತು ಕೈಯಾರೆ ನೆಟ್ಟಗೆ ಮಾಡಿದ. ನಾಗಪುರಕ್ಕೆ ಬರುವ ದಾರಿಯಲ್ಲಿ, 1823ರ ಜನವರಿಯಲ್ಲಿ, ಹಿಂಗಣಘಾಟಿನಲ್ಲಿ ತೀರಿಕೊಂಡ. ಈ ಕಂಬವನ್ನು ಅವನು ನೋಡಲಿಲ್ಲ.

ಕುದುರೆ, ದಂಡು, ಚಕ್ರವರ್ತಿ ಯಾವುದಕ್ಕೂ ಅಪ್ಪ ಹೂಂ ಎನ್ನಲಿಲ್ಲ. "ಮುರಿದ ಹತ್ಯಾರ ತಾನ ರಿಪೇರಿ ಮಾಡ್ಕೊಂಡನಲ್ಲ, ಅಂವ ಮೇಸ್ತ್ರಿ" ಎಂದಷ್ಟೇ ಅಂದ.

ಸಂತ್ರಾ ಕೊಂಡು ಮೆಟ್ರೋ ಹತ್ತಿದ ಮೇಲೆ ಅವನ ಪ್ರಶ್ನೆ ಬಂತು. ವಯಸ್ಸಿನಲ್ಲಿ ಒಂದು ಮಳೆಗಾಲದ ಮೊದಲು ಕಾರವಾರದಲ್ಲಿ ಕೆಲಸಕ್ಕಿದ್ದನಂತೆ. "ಸಮುದ್ರ ದಿನಕ್ಕ ಎರಡು ಸಲ ಏರ್ತೈತಿ, ಎರಡು ಸಲ ಇಳಿತೈತಿ. ಅಲ್ಲಾಡೋ ನೀರಿಗೆ ಮಟ್ಟ ಎಲ್ಲಿಂದ ಬಂತು?"

ಐದು ವರ್ಷದಲ್ಲಿ ಆ ಕಂಬದ ಮುಂದೆ ಎಷ್ಟೋ ಸಲ ನಿಂತಿದ್ದೆ. ಇದನ್ನು ಕೇಳಿಕೊಂಡಿರಲಿಲ್ಲ.

ರಾತ್ರಿ ಕೂತು ಓದಿದೆ. ಬಂದರಿನಲ್ಲಿ ಕಡಲಿಗೆ ತೂತಿಟ್ಟ ಒಂದು ಬಾವಿ, ಅದರಲ್ಲಿ ತೇಲುವ ಬೆಂಡು. ಬೆಂಡು ಏರಿಳಿದಂತೆ, ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಸೀಸದಕಡ್ಡಿ ಗೆರೆ ಎಳೆಯುತ್ತದೆ. ವರ್ಷಗಟ್ಟಲೆ ಎಳೆದ ಗೆರೆಯನ್ನು ತಾಸು ತಾಸಿಗೆ ಓದಿ, ಕೂಡಿಸಿ, ಭಾಗಿಸಿದರೆ ಸರಾಸರಿ ಮಟ್ಟ. ಕಂಬ ನೆಟ್ಟ ಎರಡು ವರ್ಷಕ್ಕೆ, 1909ರಲ್ಲಿ, ದೇಶದ ಮಟ್ಟದ ಜಾಲವನ್ನೆಲ್ಲ ಹೊಂದಿಸುವಾಗ ಒಂಬತ್ತು ಬಂದರುಗಳ ಸರಾಸರಿಯನ್ನು ಸೊನ್ನೆಯೆಂದು ಹಿಡಿದರು. ಕರಾಚಿ, ಮುಂಬಯಿ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಮತ್ತೆ ಕಾರವಾರ.

ಬೆಳಿಗ್ಗೆ ಹೇಳಿದೆ. ಅಪ್ಪ ಚಹಾದ ಬಸಿ ಕೆಳಗಿಟ್ಟ.

"ಹಂಗಾರ ಒಂಬತ್ತರಾಗ ಒಂದು ಪಾಲು ನಮ್ಮದು" ಎಂದವನೇ ಎದ್ದು, ಅಂಗಿ ಜೇಬಿನಿಂದ ನಿನ್ನೆಯ ಮೆಟ್ರೋ ಚೀಟಿ ತೆಗೆದು, ನಾಲ್ಕಾಗಿ ಮಡಚಿ ಗ್ಯಾಸ್ ಒಲೆಯ ಎಡಗಾಲಿನಡಿ ಸೇರಿಸಿದ. ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ಗುಳ್ಳೆ ನೋಡಿದ.

"ನಿನ್ನ ಚೀಟೀನೂ ಕೊಡು."